ಚೀಲದ ಭಾರ ಚರ್ಮಕೋಶದ ಜೀನಿಗೆ ಮುಟ್ಟುವುದು ಹೇಗೆ?

ಪ್ರಶ್ನೆ: ನಾನು ಗಂಗಾವತಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ತಂದೆಯವರು ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಅವರ ಹೆಗಲು, ಅಂಗೈ ಎರಡೂ ಜಡ್ಡುಗಟ್ಟಿವೆ. ಹೋದ ವರ್ಷ ಕಾಲು ಮುರಿದು ಕೆಲವು ತಿಂಗಳು ಮನೆಯಲ್ಲೇ ಇದ್ದಾಗ ಜಡ್ಡು ತಾನಾಗಿಯೇ ಕರಗಿತು, ಪ್ಲಾಸ್ಟರ್ ಹಾಕಿದ್ದ ಕಾಲೂ ಸಣಕಲಾಯಿತು. ಕೋಶಕ್ಕೆ ಸಂದೇಶ ಬರುವುದು ಹಾರ್ಮೋನಿನಂಥ ರಾಸಾಯನಿಕಗಳಿಂದ ಎಂದು ನಮ್ಮ ಪಠ್ಯದಲ್ಲಿದೆ. ಭಾರ ರಾಸಾಯನಿಕವಲ್ಲವಲ್ಲ? ಅದು ಕೋಶಕ್ಕೆ ಹೇಗೆ ತಿಳಿಯುತ್ತದೆ, ಕೋಶಕೇಂದ್ರದವರೆಗೆ ಹೇಗೆ ಹೋಗುತ್ತದೆ? ಅಪ್ಪನ ಜಡ್ಡು ಮುಂದೆ ತನಗೂ ಬರುತ್ತದೆಯೇ ಎಂದು ತಂಗಿ ಕೇಳುತ್ತಾಳೆ. ತಂದೆಯವರು ಜಡ್ಡನ್ನು ಬ್ಲೇಡಿನಿಂದ ಹೆರೆಯುತ್ತಾರೆ, ಅದು ಸರಿಯೇ ಎಂಬುದನ್ನೂ ತಿಳಿಸಿ.

ಉತ್ತರ: ಭಾರ ರಾಸಾಯನಿಕವಲ್ಲ, ನಿಜ. ಆದರೆ ಹಾರ್ಮೋನು ಕೋಶಕ್ಕೆ ಬಂದು ಮಾಡುವುದಾದರೂ ಏನು? ಗ್ರಾಹಕ ಪ್ರೋಟೀನಿನ ಮೇಲೆ ಕೂತು ಅದರ ಆಕಾರವನ್ನು ಕೊಂಚ ಬದಲಿಸುತ್ತದೆ. ಮುಂದಿನ ಸರಣಿಯೆಲ್ಲ ಆ ಬದಲಾದ ಆಕಾರದಿಂದಲೇ ಹೊರಡುತ್ತದೆ. ಪ್ರೋಟೀನಿನ ಆಕಾರವನ್ನು ಅಂಟಿಕೊಂಡೂ ಬದಲಿಸಬಹುದು, ಹಿಡಿದೆಳೆದೂ ಬದಲಿಸಬಹುದು. ಎರಡರಲ್ಲಿ ಯಾವುದು ನಡೆಯಿತೆಂದು ಪಕ್ಕದ ಪ್ರೋಟೀನು ವಿಚಾರಿಸುವುದಿಲ್ಲ. ನಮ್ಮ ಪದವಿ ಪಠ್ಯಗಳು ಮೊದಲನೆಯ ದಾರಿಗೆ ಇಡೀ ಅಧ್ಯಾಯ ಕೊಟ್ಟು ಎರಡನೆಯದನ್ನು ಹೆಚ್ಚುಕಡಿಮೆ ಮರೆತೇಬಿಡುವುದು ನನಗೆ ಹಳೆಯ ಕಿರಿಕಿರಿ. ಈ ಎರಡನೆಯ ದಾರಿಯ ಒಂದು ಕವಲಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿದೆ.

ಬಳ್ಳಾರಿಯಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ ಜಡ್ಡಿನ ವಿಷಯ ಬಂದಾಗ ಹೆಚ್ಚಿನವರು ಹೇಳುವುದು ಹೀಗೆ: ಒತ್ತಡ ನರಕ್ಕೆ ತಿಳಿಯುತ್ತದೆ, ನರ ಮಿದುಳಿಗೆ ಮುಟ್ಟಿಸುತ್ತದೆ, ಮಿದುಳು ಚರ್ಮವನ್ನು ದಪ್ಪ ಮಾಡಿಸುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಹಾಳಾಗಿ, ಚಪ್ಪಲಿ ಕಾಲಿನಿಂದ ಕಳಚಿ ಬಿದ್ದರೂ ಗೊತ್ತಾಗದ ರೋಗಿಗಳಿದ್ದಾರೆ. ಅವರ ಅಂಗಾಲಿನಲ್ಲಿ ಜಡ್ಡು ಕಟ್ಟುವುದು ನಿಲ್ಲುವುದಿಲ್ಲ. ಒತ್ತಡ ಬೀಳುವ ಕಡೆ ಇನ್ನಷ್ಟು ದಪ್ಪಗೆ ಕಟ್ಟಿ, ಅದರಡಿಯಲ್ಲೇ ಹುಣ್ಣಾಗುತ್ತದೆ. ನರಕ್ಕೆ ಏನೂ ತಿಳಿಯದ ಜಾಗದಲ್ಲೂ ಚರ್ಮಕ್ಕೆ ತಿಳಿಯುತ್ತಿದೆ ಎಂದಮೇಲೆ, ಭಾರವನ್ನು ಅರಿಯುತ್ತಿರುವುದು ಚರ್ಮದ ಕೋಶವೇ.

ಯಾವ ಕೋಶ? ಜಡ್ಡು ಎಂದು ನಾವು ಮುಟ್ಟಿ ನೋಡುವುದು ಚರ್ಮದ ತೀರ ಮೇಲಿನ ಪದರ. ಅದು ಕೆರಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿಕೊಂಡು ಸತ್ತ ಕೋಶಗಳ ಅಟ್ಟಿ. ಸತ್ತದ್ದು ಏನನ್ನೂ ಅರಿಯದು. ಅರಿಯುವುದು ಮೇಲ್ಚರ್ಮದ ಅಡಿಯಲ್ಲಿ ಒಂದೇ ಸಾಲಾಗಿ ಕೂತಿರುವ ತಳಕೋಶಗಳು. ಅವು ಒಡೆದು ಎರಡಾಗುತ್ತವೆ, ಒಂದು ಭಾಗ ಮೇಲಕ್ಕೆ ಸಾಗಿ, ಸುಮಾರು ಒಂದು ತಿಂಗಳಲ್ಲಿ ಕೆರಟಿನ್ ಹೊಟ್ಟಾಗಿ ಉದುರುತ್ತದೆ. ಪದೇ ಪದೇ ಉಜ್ಜಾಟ, ಒತ್ತಡ ಬಿದ್ದ ಕಡೆ ತಳದಲ್ಲಿ ಹುಟ್ಟುವ ವೇಗ ಹೆಚ್ಚುತ್ತದೆ, ಮೇಲೆ ಉದುರುವುದು ತಡವಾಗುತ್ತದೆ, ಪದರ ದಪ್ಪವಾಗುತ್ತದೆ. ತಂದೆಯವರು ಮನೆಯಲ್ಲಿದ್ದ ತಿಂಗಳುಗಳಲ್ಲಿ ಹಳೆಯ ಅಟ್ಟಿ ಉದುರಿತು, ಹೊಸದಾಗಿ ಹೆಚ್ಚುವರಿ ತಯಾರಾಗಲಿಲ್ಲ. ಕರಗಿತು ಎಂದು ನಿಮಗೆ ಕಂಡದ್ದು ಇದು. ಅದೇ ಚರ್ಮಕ್ಕೆ ಒಂದೇ ದಿನ ಜೋರಾಗಿ ಉಜ್ಜಿದರೆ ಜಡ್ಡಿನ ಬದಲು ಬೊಬ್ಬೆ ಏಳುತ್ತದೆ. ಕೋಶಗಳು ಪ್ರತಿಕ್ರಿಯಿಸುವಷ್ಟರಲ್ಲಿ ಮೇಲ್ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬಿರುತ್ತದೆ.

ಈಗ ಅಳತೆಗೆ ಬರೋಣ. ಭತ್ತದ ಚೀಲ 75 ಕಿಲೋ ಎಂದರೆ ಹೆಗಲಿನ ಮೇಲೆ 735 ನ್ಯೂಟನ್ ಬಲ. ಒಂದೊಂದು ಪ್ರೋಟೀನು ಅನುಭವಿಸುವ ಬಲವನ್ನು ಹೇಳಲು ಪಿಕೋನ್ಯೂಟನ್ ಬೇಕು, ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯ ಒಂದು ಪಾಲು. ಇಷ್ಟು ಸಣ್ಣ ಬಲಕ್ಕೆ ಸ್ಪಂದಿಸಬಲ್ಲ ಅಣುಗಳನ್ನು ಹುಡುಕಿ, ಒಂದೊಂದನ್ನೇ ಎಳೆದು ನೋಡಿದ್ದು ಈ ವಿದ್ಯೆಯ ದೊಡ್ಡ ಸಾಹಸ.

ಮೊದಲನೆಯದು ಇಂಟಿಗ್ರಿನ್. ಕೋಶಪೊರೆಯನ್ನು ಹಾದುನಿಂತ ಪ್ರೋಟೀನು. ಹೊರತುದಿ ಕೊಲಾಜೆನ್, ಫೈಬ್ರೊನೆಕ್ಟಿನ್‌ನಂಥ ನಾರುಗಳ ಹೊರಹಂದರವನ್ನು ಹಿಡಿದಿರುತ್ತದೆ. ಒಳತುದಿ ಟ್ಯಾಲಿನ್ ಎಂಬ ಉದ್ದನೆಯ ಪ್ರೋಟೀನಿಗೆ ಸೇರಿರುತ್ತದೆ. ಟ್ಯಾಲಿನ್‌ನ ಇನ್ನೊಂದು ಕೊನೆ ಕೋಶದ ಒಳಹಂದರದ ಆಕ್ಟಿನ್ ಹುರಿಗಳನ್ನು ಹಿಡಿದಿದೆ. ಹೀಗೆ ಹೊರಗಿನ ನಾರಿನಿಂದ ಒಳಗಿನ ಹುರಿಯವರೆಗೆ ಕಡಿಯದ ಒಂದು ಕೊಂಡಿ.

ಟ್ಯಾಲಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಇಡೀ ಕಥೆಯಲ್ಲಿ ನನಗೆ ಬಹಳ ಮೆಚ್ಚುಗೆಯ ಅಣು ಅದು. ಅದರ ಕಾಂಡದಲ್ಲಿ ಸುರುಳಿಗಳು ಒಟ್ಟಾಗಿ ಮಡಚಿಕೊಂಡ 13 ಕಟ್ಟುಗಳಿವೆ. ವಿನ್‌ಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಕೂರಬೇಕಾದ ಜಾಗಗಳು ಈ ಮಡಿಕೆಗಳ ಒಳಗೆ ಅಡಗಿರುತ್ತವೆ. ಎಳೆತ ಇಲ್ಲದಿದ್ದರೆ ವಿನ್‌ಕ್ಯುಲಿನ್‌ಗೆ ಅವು ಸಿಗುವುದೇ ಇಲ್ಲ. ಎಳೆತ ಸುಮಾರು 5 ಪಿಕೋನ್ಯೂಟನ್ ಮುಟ್ಟಿದಾಗ ಎಲ್ಲಕ್ಕಿಂತ ದುರ್ಬಲವಾದ ಕಟ್ಟು ಬಿಚ್ಚಿಕೊಳ್ಳುತ್ತದೆ, ಅಡಗಿದ್ದ ಜಾಗ ಬಯಲಾಗುತ್ತದೆ, ವಿನ್‌ಕ್ಯುಲಿನ್ ಬಂದು ಕೂತು ಮತ್ತಷ್ಟು ಆಕ್ಟಿನ್ ಹುರಿಗಳನ್ನು ತಂದು ಕಟ್ಟುತ್ತದೆ. ಹೆಚ್ಚು ಎಳೆದ ಕಡೆ ಹಿಡಿತ ತಾನಾಗಿಯೇ ಹೆಚ್ಚು ಬಿಗಿಯಾಗುತ್ತದೆ. 2009ರಲ್ಲಿ ಮೈಕೇಲ್ ಶೀಟ್ಜ್ ಅವರ ತಂಡ ಟ್ಯಾಲಿನ್ ಕಾಂಡದ ಒಂದೊಂದೇ ಅಣುವನ್ನು ಎಳೆದು, ಎಳೆದಾಗ ವಿನ್‌ಕ್ಯುಲಿನ್ ಹೆಚ್ಚು ಬಂದು ಕೂರುವುದನ್ನು ಎಣಿಸಿ ತೋರಿಸಿತು. ನಿಮ್ಮ ಪ್ರಶ್ನೆಗೆ ಒಂದೇ ಅಣುವಿನಲ್ಲಿ ಉತ್ತರ ಬೇಕಿದ್ದರೆ ಇದೇ ಅದು. ಒಂದು ಕಡೆಯಿಂದ ಬಲ ಬಂತು, ಇನ್ನೊಂದು ಕಡೆ ರಾಸಾಯನಿಕ ಕೂಡಿಕೆ ನಡೆಯಿತು.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಕೋಶ ಸುಮ್ಮನೆ ಕೂತು, ಯಾರಾದರೂ ಒತ್ತಲಿ ಎಂದು ಕಾಯುವುದಿಲ್ಲ. ಆಕ್ಟಿನ್ ಹುರಿಗಳ ನಡುವೆ ಮಯೋಸಿನ್ ಇದೆ. ಸ್ನಾಯುವನ್ನು ಕುಗ್ಗಿಸುವ ಬಳಗದ್ದೇ ಅದು, ಚರ್ಮದ ಕೋಶದಲ್ಲೂ ಇರುತ್ತದೆ. ಅದು ಹುರಿಗಳನ್ನು ಸದಾ ಎಳೆಯುತ್ತಿರುತ್ತದೆ, ಆ ಎಳೆತ ಇಂಟಿಗ್ರಿನ್ ಮೂಲಕ ಹೊರಗಿನ ನಾರಿನ ಮೇಲೆ ಬೀಳುತ್ತದೆ. ನಾರು ಮೆತ್ತಗಿದ್ದರೆ ಜೊತೆಗೇ ಜಗ್ಗಿ ಬರುತ್ತದೆ, ಟ್ಯಾಲಿನ್ ಬಿಚ್ಚುವಷ್ಟು ಬಿಗಿ ಹುಟ್ಟುವುದಿಲ್ಲ. ಗಟ್ಟಿಯಿದ್ದರೆ ತಡೆದು ನಿಲ್ಲುತ್ತದೆ, ಬಿಗಿ ಏರುತ್ತದೆ. ನಿಮ್ಮ ತಂದೆಯವರು ಚೀಲವನ್ನು ಹೆಗಲಿಗೆ ಏರಿಸಿಕೊಳ್ಳುವ ಮುನ್ನ ಕೊಕ್ಕೆ ಹಾಕಿ ಒಮ್ಮೆ ಜಗ್ಗಿ ನೋಡುವುದಿಲ್ಲವೇ, ಹಾಗೆಯೇ ಕೋಶವೂ ತನ್ನ ಸುತ್ತಲಿನದನ್ನು ಜಗ್ಗಿ ನೋಡಿ ಅಳೆಯುತ್ತದೆ. ಹೊರಗಿನಿಂದ ಬಂದ ಭಾರ ಈ ಮೊದಲೇ ಬಿಗಿದಿರುವ ಕೊಂಡಿಯ ಮೇಲೆ ಬೀಳುತ್ತದೆ. ಅದಕ್ಕೇ ಅಷ್ಟು ಬೇಗ ತಿಳಿಯುತ್ತದೆ.

ಇದಕ್ಕೆ ಸಾಕ್ಷಿಯಾಗಿ 2006ರ ಒಂದು ಪ್ರಯೋಗವನ್ನು ನಾನು ತಪ್ಪದೆ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಡೆನ್ನಿಸ್ ಡಿಷರ್, ಆಡಂ ಎಂಗ್ಲರ್ ಮತ್ತು ಸಂಗಡಿಗರು ಅಸ್ಥಿಮಜ್ಜೆಯ ಆಕರಕೋಶಗಳನ್ನು, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳನ್ನು, ಜೆಲ್‌ಗಳ ಮೇಲೆ ಬೆಳೆಸಿದರು. ಮೇಲೆ ಸವರಿದ್ದು ಅದೇ ಕೊಲಾಜೆನ್, ಹಾಕಿದ ಪೋಷಕ ದ್ರವವೂ ಅದೇ. ಬದಲಿದ್ದದ್ದು ಜೆಲ್‌ನ ಗಡಸುತನ ಮಾತ್ರ. ಮಿದುಳಿನಷ್ಟು ಮೆತ್ತಗಿನ, 1 ಕಿಲೋಪಾಸ್ಕಲಿಗೂ ಕಡಿಮೆ ಗಡಸಿನ ಜೆಲ್ ಮೇಲೆ ಕೋಶಗಳು ನರಕೋಶದ ಲಕ್ಷಣ ತೋರಿದವು. 10 ಕಿಲೋಪಾಸ್ಕಲಿನ ಆಸುಪಾಸಿನಲ್ಲಿ ಸ್ನಾಯುವಿನ ಲಕ್ಷಣ, 30ರ ಆಸುಪಾಸಿನಲ್ಲಿ ಮೂಳೆಯ ಲಕ್ಷಣ. ಮಯೋಸಿನ್‌ನ ಕೆಲಸವನ್ನು ಔಷಧ ಹಾಕಿ ನಿಲ್ಲಿಸಿದಾಗ ಈ ವ್ಯತ್ಯಾಸವೆಲ್ಲ ಹೋಯಿತು. ಎಳೆಯಲಾರದ ಕೋಶಕ್ಕೆ ಮೆತ್ತಗಿನದು, ಗಡುಸಾದದ್ದು ಎಂಬ ಭೇದವೇ ತಿಳಿಯಲಿಲ್ಲ.

ಇನ್ನು ಎರಡನೆಯ ಅಣು, ನೊಬೆಲ್ ತಂದದ್ದು. ಹೆಸರು ಪಿಯೆಜೊ. ಆರ್ಡೆಂ ಪಟಪೂಟಿಯನ್ ಅವರ ಪ್ರಯೋಗಾಲಯದಲ್ಲಿ ಬರ್ಟ್ರಂಡ್ ಕೋಸ್ಟ್ ಮಾಡಿದ ಕೆಲಸ ಹೇಳಲು ಸುಲಭ, ಮಾಡಲು ಬೇಸರ. ತೆಳ್ಳನೆಯ ಗಾಜಿನ ನಳಿಕೆಯಿಂದ ಕೋಶವನ್ನು ಚುಚ್ಚಿದರೆ ಅಳೆಯಬಹುದಾದ ವಿದ್ಯುತ್ ಹರಿಯುತ್ತಿತ್ತು. ಯಾವ ಜೀನಿನ ಪ್ರೋಟೀನು ಅದಕ್ಕೆ ಕಾರಣ ಎಂದು ತಿಳಿಯಲು 72 ಜೀನ್‌ಗಳ ಪಟ್ಟಿ ಮಾಡಿ, ಒಂದೊಂದನ್ನೇ ಕೆಲಸ ಮಾಡದಂತೆ ತಡೆದು, ಪ್ರತಿ ಸಲವೂ ಚುಚ್ಚಿ ನೋಡಿದರು. ಕೊನೆಗೂ ಒಂದು ಜೀನನ್ನು ತಡೆದಾಗ ಚುಚ್ಚಿದರೂ ವಿದ್ಯುತ್ ಹರಿಯಲಿಲ್ಲ. ಅದು 2010ರಲ್ಲಿ ಪ್ರಕಟವಾಯಿತು. ಪಿಯೆಜೊ-1, ಪಿಯೆಜೊ-2 ಎಂಬ ಇಬ್ಬರು ದಾಯಾದಿಗಳು ಹೀಗೆ ಸಿಕ್ಕರು. ಮೂರು ಅಲಗಿನ ಈ ವಾಹಿನಿ, ಅಂದರೆ ಬಾಗಿಲಿನಂತೆ ತೆರೆದು ಮುಚ್ಚುವ ಪ್ರೋಟೀನು, ಕೋಶಪೊರೆಯಲ್ಲಿ ಹುದುಗಿರುತ್ತದೆ. ಪೊರೆ ಬಿಗಿದರೆ ತೆರೆಯುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಏರಿದ ಮೇಲೆ ಆಗುವುದೆಲ್ಲ ನಿಮ್ಮ ಪಠ್ಯದಲ್ಲೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನರಗಳಲ್ಲಿ ಸ್ಪರ್ಶಕ್ಕೆ ಮುಖ್ಯವಾದದ್ದು ಪಿಯೆಜೊ-2. ಪಿಯೆಜೊ-1 ರಕ್ತನಾಳ, ಕೆಂಪು ರಕ್ತಕಣ, ಚರ್ಮ ಹೀಗೆ ಹಲವೆಡೆ ಇದೆ. ಹಿಗ್ಗಿಸಿದ ಕೋಶಪದರದಲ್ಲಿ ಕೋಶಗಳು ಬೇಗ ವಿಭಜನೆಗೆ ಇಳಿಯಲು ಅದು ಬೇಕು ಎಂದು 2017ರಲ್ಲಿ ತೋರಿಸಲಾಯಿತು.

ಕೋಶಪೊರೆಯಲ್ಲಿ ತಿಳಿದದ್ದು ಕೋಶಕೇಂದ್ರ ಮುಟ್ಟುವ ಬಗೆಗೆ ಬರುತ್ತೇನೆ. ಇದಕ್ಕೆ ಎರಡು ದಾರಿಗಳಿವೆ, ಎರಡೂ ಒಟ್ಟಿಗೇ ನಡೆಯುತ್ತವೆ.

ಒಂದು ನೇರ ದಾರಿ. ಆಕ್ಟಿನ್ ಮತ್ತು ಕೆರಟಿನ್ ಹುರಿಗಳು ಕೋಶದ್ರವ್ಯದಲ್ಲಿ ಎಲ್ಲೋ ಮುಗಿದುಹೋಗುವುದಿಲ್ಲ, ಕೋಶಕೇಂದ್ರದ ಮೈಗೇ ಕಟ್ಟಿಕೊಂಡಿರುತ್ತವೆ. ಕೋಶಕೇಂದ್ರಕ್ಕೆ ಎರಡು ಪೊರೆ. ಹೊರಪೊರೆಯಲ್ಲಿ ನೆಸ್ಪ್ರಿನ್ ಪ್ರೋಟೀನುಗಳಿವೆ, ಅವು ಹುರಿಗಳನ್ನು ಹಿಡಿಯುತ್ತವೆ. ಒಳಪೊರೆಯಲ್ಲಿ ಸನ್ ಎಂಬ ಪ್ರೋಟೀನುಗಳಿವೆ, ಅವು ಎರಡು ಪೊರೆಗಳ ನಡುವಿನ ಸಂದಿಯಲ್ಲಿ ನೆಸ್ಪ್ರಿನ್‌ನ ಬಾಲವನ್ನು ಹಿಡಿದು, ಒಳಗಡೆ ಲ್ಯಾಮಿನ್ ಎಂಬ ಪ್ರೋಟೀನಿನ ಜಾಲಕ್ಕೆ ಸೇರುತ್ತವೆ. ಲ್ಯಾಮಿನ್ ಜಾಲಕ್ಕೆ ಕ್ರೊಮ್ಯಾಟಿನ್, ಅಂದರೆ ಡಿಎನ್‌ಎ ಸುತ್ತಿದ ಗಂಟುಗಳು, ಅಂಟಿಕೊಂಡಿವೆ. ಚರ್ಮದ ಹೊರಗಿನ ನಾರಿನಿಂದ ಡಿಎನ್‌ಎವರೆಗೆ ಕೈಗೆ ಕೈ ಹಿಡಿದ ಸಾಲು ಇದು. 1997ರಲ್ಲಿ ಡೊನಾಲ್ಡ್ ಇಂಗ್ಬರ್ ಮತ್ತು ಜೊತೆಯವರು ಕೋಶದ ಹೊರಮೈಯ ಇಂಟಿಗ್ರಿನ್‌ಗಳಿಗೆ ಅಂಟಿಸಿದ ಪುಟ್ಟ ಮಣಿಗಳನ್ನು ಎಳೆದರು. ದೂರದಲ್ಲಿದ್ದ ಕೋಶಕೇಂದ್ರ ಎಳೆದ ದಿಕ್ಕಿಗೇ ವಿರೂಪಗೊಂಡಿತು, ಒಳಗಿದ್ದ ನ್ಯೂಕ್ಲಿಯೋಲಸ್ ಎಂಬ ಪುಟ್ಟ ಉಂಡೆಗಳೂ ಆ ದಿಕ್ಕಿಗೆ ಸಾಲುಗೊಂಡವು. ಕೋಶವೆಂದರೆ ನೀರು ತುಂಬಿದ ಚೀಲ ಎಂಬ ಶಾಲೆಯ ಚಿತ್ರವನ್ನು ಈ ಒಂದು ಪ್ರಯೋಗಕ್ಕಾಗಿಯಾದರೂ ಹರಿದುಹಾಕಬೇಕಿತ್ತು. ಎಳೆತ ಈ ದಾರಿಯಲ್ಲಿ ಮಿಲಿಸೆಕೆಂಡುಗಳಲ್ಲಿ ಸಾಗುತ್ತದೆ. ರಾಸಾಯನಿಕ ಅಣು ತೇಲಿಕೊಂಡು ಅಷ್ಟು ದೂರ ಹೋಗಲು ಸೆಕೆಂಡುಗಳೇ ಬೇಕು.

ಇನ್ನೊಂದು, ದೂತನನ್ನು ಕಳಿಸುವ ದಾರಿ. ಇಲ್ಲಿ ಬಹಳ ಕೆಲಸ ಮಾಡುವ ಪ್ರೋಟೀನು ಯಾಪ್. ಮೆತ್ತಗಿನ ತಳದ ಮೇಲೆ ಕೋಶ ದುಂಡಗೆ ಕೂತಿದ್ದಾಗ ಯಾಪ್ ಕೋಶದ್ರವ್ಯದಲ್ಲೇ ಉಳಿಯುತ್ತದೆ. ಗಟ್ಟಿ ತಳದ ಮೇಲೆ ಕೋಶ ಹರಡಿಕೊಂಡು ಒಳಹಂದರ ಬಿಗಿದಾಗ ಕೋಶಕೇಂದ್ರದೊಳಗೆ ಸೇರುತ್ತದೆ. ಅಲ್ಲಿ ಟೀಡ್ ಎಂಬ ಪ್ರೋಟೀನಿನ ಜೊತೆ ಕೂಡಿ, ಕೋಶ ಬೆಳೆಯಲು, ಒಡೆಯಲು ಬೇಕಾದ ಜೀನ್‌ಗಳನ್ನು ಓದಿಸುತ್ತದೆ. ಇಟಲಿಯ ಪಡುವಾದಲ್ಲಿ ಸ್ಟೆಫಾನೊ ಪಿಕೋಲೊ ಅವರ ತಂಡ 2011ರಲ್ಲಿ ಇದನ್ನು ತೋರಿಸಿತು. ಈ ಎರಡು ದಾರಿಗಳು ಬೇರೆ ಬೇರೆ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗಬಹುದು, ಆದರೆ ಅವು ಒಂದರೊಳಗೊಂದು ಹೆಣೆದುಕೊಂಡಿವೆ. 2017ರಲ್ಲಿ ಬಾರ್ಸಿಲೋನಾದ ಪೆರೆ ರೋಕಾ-ಕುಸಾಕ್ಸ್ ಅವರ ತಂಡ ಸೂಕ್ಷ್ಮ ಮೊನೆಯಿಂದ ಕೋಶಕೇಂದ್ರವನ್ನೇ ಒತ್ತಿ ಚಪ್ಪಟೆ ಮಾಡಿತು. ಯಾಪ್ ಒಳಹೋಯಿತು. ಚಪ್ಪಟೆಯಾದ ಕೋಶಕೇಂದ್ರದ ಪೊರೆಯಲ್ಲಿನ ರಂಧ್ರಗಳು ಯಾಪ್‌ಗೆ ಹಾದಿ ಸುಗಮ ಮಾಡಿಕೊಡುತ್ತವೆ. ದೂತ ಒಳಗೆ ಹೋಗುವುದೋ ಬಿಡುವುದೋ ಎಂಬುದನ್ನು ನೇರ ಎಳೆತವೂ ನಿರ್ಧರಿಸುತ್ತಿದೆ.

ಕೋಶಕೇಂದ್ರ ಸುದ್ದಿ ಕೇಳಿ ಸುಮ್ಮನಿರುವ ಜಾಗವೂ ಅಲ್ಲ. ಸುಮಾರು ಎರಡು ಮೀಟರ್ ಡಿಎನ್‌ಎ ಕೆಲವೇ ಮೈಕ್ರೋಮೀಟರ್ ಅಗಲದಲ್ಲಿ ಅಡಕವಾಗಿದೆ. ಅದನ್ನು ಮನಬಂದಂತೆ ಜಗ್ಗಿದರೆ ಹಾನಿ. ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಅಧ್ಯಯನ ಸಾರಾ ವಿಕ್‌ಸ್ಟ್ರೋಮ್ ಅವರ ತಂಡದ್ದು, 2020ರದು, ಚರ್ಮದ ಆಕರಕೋಶಗಳ ಮೇಲೆಯೇ ಮಾಡಿದ್ದು. ಕೋಶಗಳನ್ನು ಹಿಗ್ಗಿಸಿದಾಗ ಪಿಯೆಜೊ-1ರ ಮೂಲಕ ಕ್ಯಾಲ್ಸಿಯಂ ಏರಿ, ಬಿಗಿಯಾಗಿ ಸುತ್ತಿದ್ದ ಕ್ರೊಮ್ಯಾಟಿನ್ ಸಡಿಲವಾಯಿತು, ಕೋಶಕೇಂದ್ರ ಮೆತ್ತಗಾಯಿತು, ಡಿಎನ್‌ಎ ಪಾರಾಯಿತು. ಈ ಮೆತ್ತಗಾಗುವುದನ್ನು ತಡೆದರೆ ಡಿಎನ್‌ಎಗೆ ಪೆಟ್ಟು ಬಿತ್ತು. ಎಳೆತ ಇನ್ನೂ ಮುಂದುವರಿದರೆ ಕೋಶಗಳು ಎಳೆತಕ್ಕೆ ಅಡ್ಡಲಾಗಿ ತಿರುಗಿ ಕೂತು, ಭಾರವನ್ನು ಕೋಶಕೇಂದ್ರದ ಮೇಲೆ ಬೀಳದಂತೆ ಹಂಚಿಕೊಂಡವು. ಹಮಾಲರ ಹೆಗಲಿನ ಚರ್ಮದ ಮೇಲೆ ಯಾರೂ ಈ ಪ್ರಯೋಗ ಮಾಡಿಲ್ಲ, ಇದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಾತು ಎಂಬುದನ್ನು ನೆನಪಿಡಿ.

ಇದೆಲ್ಲ ದೂರದೇಶದ ಕೆಲಸ ಎಂದುಕೊಳ್ಳಬೇಡಿ. ಜಿ.ವಿ. ಶಿವಶಂಕರ್ ಅವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್), ಆಮೇಲೆ ಸಿಂಗಪುರದಲ್ಲಿ ಕೋಶಕೇಂದ್ರದ ಈ ಯಾಂತ್ರಿಕ ಗುಣವನ್ನೇ ಹಿಡಿದು ದುಡಿದವರು. ಕೋಶವನ್ನು ಕಿರಿದಾದ ಗೆರೆ, ಚೌಕಗಳಲ್ಲಿ ಕೂರಿಸಿ ಅದರ ಆಕಾರ ಬದಲಿಸಿದರೆ ಯಾವ ಜೀನ್‌ಗಳು ಓದಲ್ಪಡುತ್ತವೆ ಎಂಬುದೂ ಬದಲಾಗುತ್ತದೆ ಎಂದು ಅವರ ತಂಡ ತೋರಿಸಿದೆ. ಎಂ.ಎಸ್ಸಿ. ಯೋಚನೆ ಇದ್ದರೆ ಈ ದಿಕ್ಕು ನೋಡಿ. ಭೌತಶಾಸ್ತ್ರ ಬಿಟ್ಟುಬಿಡಬೇಡಿ, ಜೀವಶಾಸ್ತ್ರದವರು ಸಾಮಾನ್ಯವಾಗಿ ಅಲ್ಲೇ ಎಡವುತ್ತಾರೆ.

ಈ ಸಾಲಿನ ಒಂದು ಕೊಂಡಿ ದುರ್ಬಲವಾದರೆ ಏನಾಗುತ್ತದೆ ಎಂಬುದಕ್ಕೆ ರೋಗಗಳೇ ಉದಾಹರಣೆ. ಮೇಲ್ಚರ್ಮದ ತಳದ ಕೆರಟಿನ್ ಜೀನಿನಲ್ಲಿ ದೋಷವಿದ್ದರೆ ಎತ್ತಿಕೊಂಡಷ್ಟಕ್ಕೇ ಮಗುವಿನ ಮೈಯಲ್ಲಿ ಬೊಬ್ಬೆ ಏಳುತ್ತದೆ. ಲ್ಯಾಮಿನ್ ಜೀನಿನ ಕೆಲವು ದೋಷಗಳು ಸ್ನಾಯುಕ್ಷಯ ತರುತ್ತವೆ, ಹೃದಯವನ್ನೂ ಹಿಡಿಯುತ್ತವೆ. ಅದೇ ಜೀನಿನ ಇನ್ನೊಂದು ದೋಷ ಮಕ್ಕಳಲ್ಲಿ ಅಕಾಲ ಮುಪ್ಪು ತರುವ ಪ್ರೊಜೀರಿಯಾಕ್ಕೆ ಕಾರಣ ಎಂದು 2003ರಲ್ಲಿ ತಿಳಿಯಿತು. ಎಳೆತ ಹೆಚ್ಚು ಬೀಳುವ ಅಂಗಗಳಲ್ಲಿ ಲ್ಯಾಮಿನ್ ಕೂಡ ಹೆಚ್ಚು ಇರುತ್ತದೆ.

ಪ್ಲಾಸ್ಟರ್ ಹಾಕಿದ ಕಾಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕೆಲಸವಿಲ್ಲದ ಸ್ನಾಯು ಕೆಲವೇ ದಿನಗಳಲ್ಲಿ ಇಳಿಯತೊಡಗುತ್ತದೆ, ಕಾಲು ಸಣಕಲಾಗಿ ಕಂಡದ್ದು ಮುಖ್ಯವಾಗಿ ಅದರಿಂದ. ಮೂಳೆಯೂ ಒಳಗೊಳಗೇ ಸವೆಯುತ್ತದೆ. ಮೂಳೆಯಲ್ಲಿ ಹುದುಗಿರುವ ಆಸ್ಟಿಯೊಸೈಟ್ ಕೋಶಗಳು ಕೂದಲೆಳೆಗಿಂತ ಕಿರಿದಾದ ಕಾಲುವೆಗಳಲ್ಲಿ ಕೈಚಾಚಿಕೊಂಡಿರುತ್ತವೆ. ನಡೆದಾಗ ಮೂಳೆ ತುಸುವೇ ಬಾಗಿ, ಆ ಕಾಲುವೆಗಳಲ್ಲಿ ದ್ರವ ಹರಿದು, ಕೋಶಗಳಿಗೆ ಭಾರದ ಅರಿವಾಗುತ್ತದೆ. ಆಗ ಅವು ಸ್ಕ್ಲೆರೊಸ್ಟಿನ್ ಎಂಬ, ಮೂಳೆ ಕಟ್ಟುವುದನ್ನು ತಡೆಯುವ ಪ್ರೋಟೀನನ್ನು ಕಡಿಮೆ ಮಾಡುತ್ತವೆ. ಭಾರ ತಪ್ಪಿದರೆ ಅದು ಏರುತ್ತದೆ. ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುವುದೂ ಭಾರವಿಲ್ಲದ್ದರಿಂದಲೇ. ಸ್ಕ್ಲೆರೊಸ್ಟಿನ್ ತಡೆಯುವ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತಂದೆಯವರಿಗೆ ಬೇಕಿರುವುದು ಔಷಧವಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಸ್ವಲ್ಪ ಸ್ವಲ್ಪವಾಗಿ ಕಾಲಿನ ಮೇಲೆ ಭಾರ ಹಾಕುವುದು. ಮೊದಲ ದಿನವೇ ಪೂರ್ತಿ ಚೀಲ ಹೊರುವುದು ಬೇಡ, ಸ್ನಾಯು ಮರಳುವಷ್ಟು ಬೇಗ ಮೂಳೆ ಮರಳುವುದಿಲ್ಲ.

ತಂಗಿಗೆ ಹೇಳಿ: ಅಪ್ಪನ ಜಡ್ಡು ಅವಳಿಗೆ ಬರುವುದಿಲ್ಲ. ಭಾರ ಜೀನಿನ ಅಕ್ಷರಗಳನ್ನು ತಿದ್ದಲಿಲ್ಲ, ಯಾವ ಜೀನನ್ನು ಎಷ್ಟು ಓದಬೇಕೆಂಬುದನ್ನಷ್ಟೇ ಬದಲಿಸಿತು, ಅದೂ ಹೆಗಲಿನ ಆ ತುಂಡು ಚರ್ಮದಲ್ಲಿ. ಆದರೆ ಅವಳ ಅಂಗಾಲಿನ ಚರ್ಮ ಹುಟ್ಟುವ ಮೊದಲೇ, ನೆಲ ಮುಟ್ಟದೆಯೇ, ಮೈಯ ಉಳಿದ ಚರ್ಮಕ್ಕಿಂತ ದಪ್ಪವಿತ್ತು. ಅದು ವಂಶದಿಂದ ಬಂದದ್ದು. ಎಲ್ಲ ದಪ್ಪವೂ ಭಾರದಿಂದಲೇ ಬಂದದ್ದಲ್ಲ.

ಬ್ಲೇಡಿನ ವಿಷಯ. ಹೆರೆದಾಗ ಹೋಗುವುದು ಸತ್ತ ಅಟ್ಟಿ. ತಳಕೋಶಗಳು ಅಲ್ಲೇ ಇವೆ, ಮರುದಿನ ಅದೇ ಜಾಗಕ್ಕೆ ಅದೇ ಚೀಲ ಕೂತರೆ ಅವು ಹಿಂದಿನಂತೆಯೇ ಕೆಲಸಕ್ಕೆ ಇಳಿಯುತ್ತವೆ, ಕೆಲವು ವಾರಗಳಲ್ಲಿ ಜಡ್ಡು ಮರಳುತ್ತದೆ. ತೆಳ್ಳಗೆ ಇರುವ ಜಡ್ಡನ್ನು ಮುಟ್ಟಲೇಬೇಡಿ, ಅದು ಅವರ ಹೆಗಲನ್ನು ಕಾಯುತ್ತಿದೆ. ಬಿರುಕು ಬಿಟ್ಟು ನೋಯುವಷ್ಟು ದಪ್ಪವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಾಲು ಉಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು. ಚೀಲ ಇಡುವಾಗ ದಪ್ಪನೆಯ ಬಟ್ಟೆಯನ್ನು ಅಗಲವಾಗಿ ಮಡಚಿ ಹಾಕಿಕೊಂಡರೆ ಭಾರ ಹೆಚ್ಚು ಜಾಗಕ್ಕೆ ಹರಡುತ್ತದೆ, ಉಜ್ಜಾಟವೂ ತಗ್ಗುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ. ಈವರೆಗೆ ಪರೀಕ್ಷೆ ಮಾಡಿಸಿಲ್ಲದಿದ್ದರೆ ಒಮ್ಮೆ ಮಾಡಿಸಿ. ಇದ್ದರೆ ಅಂಗಾಲಿನ ಜಡ್ಡಿಗೆ ಬ್ಲೇಡ್ ತಾಗಿಸಲೇಬಾರದು, ಔಷಧ ಅಂಗಡಿಯ ಆಣಿ ಪಟ್ಟಿಯನ್ನೂ ಅಂಟಿಸಬಾರದು. ಅದನ್ನು ವೈದ್ಯರೇ ತೆಗೆಯಲಿ.